ವಿಜ್ಞಾನದ ಕಿಟಕಿ: ಕಟ್ಟೆಯ ನೀರು ಯಾವ ಚೌಕದ್ದು?



ನಾವು ನೆಲೆಸಿರುವ ಕುವೈತಿನಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಹಿಂದೆ ಷಟ್ ಅಲ್ ಅರಬ್ ನದಿಯಿಂದ ಹಾಯಿಹಡಗುಗಳಲ್ಲಿ ಸಿಹಿನೀರು ಬರುತ್ತಿತ್ತು. ಆಮೇಲೆ ಸಮುದ್ರದ ನೀರನ್ನು ಬಟ್ಟಿ ಇಳಿಸುವ ಕಾಲ ಬಂತು. ಇಲ್ಲಿ ಬೆಳೆದ ಮಕ್ಕಳಿಗೆ ನೀರಿನ ಸಂಗ್ರಹವೆಂದರೆ ನೀಲಿ ಬಿಳಿ ಪಟ್ಟೆಯ ಅಣಬೆ ಗೋಪುರ. ಊರಿನ ಕಟ್ಟೆಗಳ ಲೆಕ್ಕ ಅಷ್ಟು ಸಲೀಸಲ್ಲ.

ದೊಡ್ಡ ನದಿಗಳ ಹರಿವನ್ನು ಗಣಕಯಂತ್ರದಲ್ಲಿ ಲೆಕ್ಕ ಹಾಕುವವರು ಭೂಮಿಯನ್ನು ಚೌಕಗಳಾಗಿ ಹಂಚುತ್ತಾರೆ. ಅನೇಕ ಮಾದರಿಗಳಲ್ಲಿ ಚೌಕದ ಬದಿ ಅರ್ಧ ಡಿಗ್ರಿ, ಎಂದರೆ ಸುಮಾರು 55 ಕಿಲೋಮೀಟರು. ಬಿದ್ದ ಮಳೆ, ಆವಿಯಾದ ನೀರು, ಮುಂದಿನ ಚೌಕಕ್ಕೆ ಹರಿದ ನೀರು, ಇಷ್ಟು ಬರೆದರೆ ಕಟ್ಟೆಯಿಲ್ಲದ ಹೊಳೆಗೆ ಬಹುಮಟ್ಟಿಗೆ ಸಾಕು. ಕಟ್ಟೆ ಇದ್ದಲ್ಲಿ ತೂಬು ಎತ್ತುವವರ ತೀರ್ಮಾನವೂ ಬೇಕು. 2006ರಲ್ಲಿ ಜಪಾನಿನ ಹನಸಾಕಿ ಮತ್ತು ಸಂಗಡಿಗರು ಅದಕ್ಕೊಂದು ನಿಯಮ ಕೊಟ್ಟರು. ನೀರಾವರಿ ಕಟ್ಟೆಯಾದರೆ ಕೆಳಗಿನ ಗದ್ದೆಗಳ ಬೇಡಿಕೆಯಂತೆ ನೀರು ಬಿಡುವುದು. ಉಳಿದವಾದರೆ ವರ್ಷದ ಸರಾಸರಿ ಒಳಹರಿವಿನಷ್ಟನ್ನು ಸಮನಾಗಿ ಬಿಡುವುದು. ವರ್ಷಾರಂಭದಲ್ಲಿ ಕಟ್ಟೆ ತುಂಬಿದ್ದರೆ ಧಾರಾಳ, ಬರಿದಾಗಿದ್ದರೆ ಬಿಗಿ. ನಮ್ಮ ಕನ್ನಂಬಾಡಿಗೆ ಇದು ತಕ್ಕಮಟ್ಟಿಗೆ ಒಪ್ಪೀತು.

ಕುಡಿಯುವ ನೀರಿನ ಕಟ್ಟೆಗೆ? ಅರ್ಕಾವತಿಗೆ 1933ರಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯವನ್ನೇ ನೋಡಿ. ಅಲ್ಲಿ ನೀರು ನಿಲ್ಲಿಸಿದ್ದು ಹೊಳೆಗೆ ಬಿಡಲಿಕ್ಕಲ್ಲ, ಕೊಳವೆಯಲ್ಲಿ ಬೆಂಗಳೂರಿಗೆ ಏರಿಸಲಿಕ್ಕೆ. ಸರಾಸರಿ ಬಿಡುವ ನಿಯಮ ಹಾಕಿದರೆ ಕಾಗದದ ಮೇಲೆ ಮಾತ್ರ ಕೆಳಗಿನ ಅರ್ಕಾವತಿ ಸೊಗಸಾಗಿ ಹರಿಯುತ್ತದೆ! ಪಾತ್ರೆಗೆ ಎರಡು ನಳಿಗೆ ಇದ್ದು ಒಂದನ್ನೇ ಅಳೆದು ತಂದರೆ ನಮ್ಮ ಪ್ರಯೋಗಶಾಲೆಯಲ್ಲಿ ಯಾರೂ ಒಪ್ಪುವುದಿಲ್ಲ.

ಕಾವೇರಿಯದು ಇನ್ನೂ ದೊಡ್ಡ ಕಥೆ. 1974ರಿಂದ ಅದರ ನೀರು ಶಿವನಸಮುದ್ರದ ಕಡೆಯಿಂದ ಸುಮಾರು 100 ಕಿಲೋಮೀಟರು ದೂರ, 500 ಮೀಟರು ಎತ್ತರ ಏರಿ ಬೆಂಗಳೂರಿಗೆ ಬರುತ್ತಿದೆ. 2024ರ ಅಕ್ಟೋಬರಿನಲ್ಲಿ ಐದನೆಯ ಹಂತ ಆರಂಭವಾದ ಮೇಲೆ ಯೋಜನೆಯ ಒಟ್ಟು ಸಾಮರ್ಥ್ಯ ದಿನಕ್ಕೆ ಸುಮಾರು 222 ಕೋಟಿ ಲೀಟರು. ವರ್ಷಪೂರ್ತಿ ಹಾಗೇ ಹರಿದರೆ 28 ಟಿ.ಎಂ.ಸಿ. ಮೀರುತ್ತದೆ, 49 ಟಿ.ಎಂ.ಸಿ. ಹಿಡಿಯುವ ಕನ್ನಂಬಾಡಿಯ ಅರ್ಧಕ್ಕಿಂತ ಹೆಚ್ಚು. ಕುಡಿಯುವವರು ಒಂದು ಚೌಕದಲ್ಲಿ, ನೀರೆತ್ತುವುದು ಇನ್ನೊಂದರಲ್ಲಿ. ಹತ್ತಿರದ ಹೊಳೆಯಿಂದಲೇ ಊರಿಗೆ ನೀರು ಕೊಡುವ ಮಾದರಿ ಬೆಂಗಳೂರನ್ನು ಒಣಗಿಸಿಬಿಡುತ್ತದೆ. ನಮ್ಮ ಕುವೈತನ್ನಂತೂ ಕೇಳಲೇಬೇಡಿ.

ಇದು ಪಂಡಿತರ ತಕರಾರು ಮಾತ್ರವೆಂದು ತಿಳಿಯಬೇಡಿ. 2007ರಲ್ಲಿ ಕಾವೇರಿ ನ್ಯಾಯಮಂಡಳಿಯು ಬೆಂಗಳೂರಿನ ಮೂರನೆಯ ಒಂದು ಭಾಗ ಮಾತ್ರ ಕಣಿವೆಯೊಳಗಿದೆಯೆಂದು ಅಷ್ಟಕ್ಕೇ ನೀರು ಎಣಿಸಿತ್ತು. ಗೆರೆಯ ಆಚೆ ಮನೆಯಿದ್ದವರಿಗೆ ಬಾಯಾರಿಕೆ ಇಲ್ಲವೆ? 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟು ಇಡೀ ನಗರವನ್ನು ಗಣಿಸಿ 4.75 ಟಿ.ಎಂ.ಸಿ. ಹೆಚ್ಚಿಗೆ ಕೊಟ್ಟಿತು. ಮನೆಬಳಕೆಗೆ ಎತ್ತಿದ ನೀರಿನಲ್ಲಿ 20 ಪಾಲು ಮಾತ್ರ ಖರ್ಚು, 80 ಪಾಲು ಹಿಂದಿರುಗುತ್ತದೆ ಎಂಬುದೂ ಆ ಲೆಕ್ಕದಲ್ಲಿತ್ತು.

ಹಿಂದಿರುಗುವುದಾದರೂ ಎಲ್ಲಿಗೆ? ಬೆಂಗಳೂರು ದಿಣ್ಣೆಯ ಮೇಲಿನ ಊರು. ಪಶ್ಚಿಮಕ್ಕಿಳಿದ ಕೊಳಚೆ ವೃಷಭಾವತಿ, ಅರ್ಕಾವತಿ ಸೇರಿ ಸಂಗಮದಲ್ಲಿ ಮತ್ತೆ ಕಾವೇರಿಗೆ ಬೀಳುತ್ತದೆ. ಪೂರ್ವಕ್ಕಿಳಿದದ್ದು ದಕ್ಷಿಣ ಪಿನಾಕಿನಿಯ ಪಾಲು. ಅದರಲ್ಲಿ ಒಂದಷ್ಟನ್ನು ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಕೋಲಾರದ ಕೆರೆಯಲ್ಲಿ ನಿಂತ ಆ ಕಾವೇರಿ ನೀರನ್ನು ಮಾದರಿಯವರು ಯಾವ ನದಿಯ ಹೆಸರಿಗೆ ಬರೆದುಕೊಳ್ಳಬೇಕೋ!