ವಿಜ್ಞಾನವನ್ನು ತಿಳಿಯಹೇಳುವುದೂ ಒಂದು ವೃತ್ತಿಯಾಗಬೇಕು

ಬಿ.ಎಸ್‌ಸಿ. ಪದವಿಯನ್ನು ಪಡೆದ ತರುಣಿಯೊಬ್ಬಳು, ವಿಜ್ಞಾನವನ್ನು ಕನ್ನಡದಲ್ಲಿ ಜನರಿಗೆ ತಿಳಿಯಹೇಳುವುದನ್ನೇ ಜೀವನೋಪಾಯವನ್ನಾಗಿ ಮಾಡಿಕೊಳ್ಳುವೆನೆಂದರೆ, ತಾಯಿತಂದೆಗಳು ಮೊದಲು ಕೇಳುವುದು "ಅದು ಯಾವ ಉದ್ಯೋಗ?" ಎಂದೇ. ಆ ಪ್ರಶ್ನೆಯನ್ನು ನಾವು ತಪ್ಪೆನ್ನಲಾರೆವು. ವೈದ್ಯಳಾಗಲು, ಉಪಾಧ್ಯಾಯಿನಿಯಾಗಲು ಗೊತ್ತಾದ ಶಿಕ್ಷಣವುಂಟು, ಸಂಬಳವುಂಟು, ಸಮಾಜದಲ್ಲಿ ಸ್ಥಾನವುಂಟು. ಈ ಕೆಲಸಕ್ಕಾದರೋ ಇವು ನಮ್ಮ ನಾಡಿನಲ್ಲಿ ಇನ್ನೂ ಗಟ್ಟಿಯಾಗಿ ನೆಲೆಗೊಂಡಿಲ್ಲ. ನೆಲೆಗೊಳ್ಳಬೇಕೆಂಬುದೇ ನಮ್ಮ ಅಭಿಪ್ರಾಯ.

ಕನ್ನಡದಲ್ಲಿ ಈ ಕಾರ್ಯವು ಹೆಚ್ಚಾಗಿ ಮಹನೀಯರ ಸ್ವಂತ ಶ್ರದ್ಧೆಯಿಂದಲೇ ನಡೆದುಬಂದಿದೆ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿ 'ವಿಜ್ಞಾನ'ವೆಂಬ ಮಾಸಪತ್ರಿಕೆಯನ್ನು ಆರಂಭಿಸಿದರು; ಅದು ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ದೀಪವನ್ನು ಹಚ್ಚಲು ಶ್ರದ್ಧೆ ಸಾಕು. ಎಣ್ಣೆಯನ್ನು ಪ್ರತಿನಿತ್ಯವೂ ಎರೆಯಲು ಏರ್ಪಾಡು ಬೇಕು.

ಅಂತಹ ಏರ್ಪಾಡಿಗೆ ನೆರೆಯ ಬಾಂಗ್ಲಾದೇಶದಲ್ಲೊಂದು ನಿದರ್ಶನವುಂಟು. ಭೇದಿಯಿಂದ ಬಳಲುವ ಶಿಶುವಿಗೆ ಬೆಲ್ಲವನ್ನೂ ಉಪ್ಪನ್ನೂ ಹದವಾಗಿ ಬೆರೆಸಿದ ನೀರನ್ನು ಕುಡಿಸಿದರೆ, ಬೆಲ್ಲದ ಸಿಹಿಯು ಕರುಳಿನಲ್ಲಿ ಉಪ್ಪನ್ನೂ ನೀರನ್ನೂ ಹೀರಿಕೊಳ್ಳಲು ನೆರವಾಗುವುದು. ಇದನ್ನು ಕಲಿಸಲು ಬ್ರ್ಯಾಕ್ ಎಂಬ ಸಂಸ್ಥೆಯು 1980ರಿಂದ 1990ರವರೆಗೆ ತರಬೇತಿ ಹೊಂದಿದ ಸ್ತ್ರೀಯರನ್ನು ಒಂದು ಕೋಟಿಗೂ ಹೆಚ್ಚು ಮನೆಗಳಿಗೆ ಕಳುಹಿಸಿತು. ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಎಂಬ ಅಳತೆಯನ್ನು ಅವರು ತಾಯಂದಿರ ಕೈಯಿಂದಲೇ ಮಾಡಿಸಿ ತೋರಿಸಿದರು. ಉಪ್ಪು ಮಿತಿಮೀರಿದರೆ ಕೂಸಿಗೇ ಅಪಾಯ. ಆದುದರಿಂದ ಪರೀಕ್ಷಕರು ಅನಂತರ ಕೆಲವು ಮನೆಗಳಿಗೆ ಹೋಗಿ, ತಾಯಿಗೆ ಎಷ್ಟು ನೆನಪಿದೆಯೆಂದು ವಿಚಾರಿಸುತ್ತಿದ್ದರು. ಬೋಧಕಿಯ ಸಂಬಳವು ಆ ಉತ್ತರವನ್ನೇ ಅವಲಂಬಿಸಿತ್ತು. ಕೇಳಿದವರ ಗ್ರಹಿಕೆಯಿಂದಲೇ ಹೇಳಿದವರ ಕೆಲಸವನ್ನು ಅಳೆಯುವ ಈ ಕ್ರಮವು ಉಪಾಧ್ಯಾಯಿನಿಯರಾದ ನಮಗೆ ಬಹು ಮೆಚ್ಚಾಗಿದೆ.

ಇದಕ್ಕೊಂದು ಆಕ್ಷೇಪಣೆಯುಂಟು. ವೃತ್ತಿಯೆಂದೊಡನೆ ಪರವಾನಗಿ ಬರುವುದು, ಪದವಿಯಿಲ್ಲದವರ ಬಾಯಿ ಕಟ್ಟಿದಂತಾಗುವುದು ಎನ್ನುವರು. ಕಾಲೇಜನ್ನು ನಡುವೆಯೇ ಬಿಟ್ಟ ಶಿವರಾಮ ಕಾರಂತರು 'ಬಾಲಪ್ರಪಂಚ'ವನ್ನೂ 'ವಿಜ್ಞಾನ ಪ್ರಪಂಚ'ವನ್ನೂ ಬರೆದುಕೊಟ್ಟುದನ್ನು ನೆನೆದರೆ, ಈ ಮಾತು ತೂಕವುಳ್ಳದ್ದೇ ಸರಿ. ದಾದಿಯರ ಶಿಕ್ಷಣವು ಎಲ್ಲೆಡೆಯೂ ಒಂದೇ ಮಟ್ಟದಲ್ಲಿರಬೇಕೆಂದು 1947ರಲ್ಲಿ ಭಾರತೀಯ ದಾದಿಯರ ಪರಿಷತ್ತಿನ ಕಾನೂನಾಯಿತು. ರೋಗಿಯ ದೇಹವನ್ನು ಮುಟ್ಟುವವರಿಗೆ ಅಂತಹ ಕಟ್ಟುಪಾಡು ಅವಶ್ಯವೇ. ಮಾತಿಗೂ ಬರಹಕ್ಕೂ ಅದು ಸಲ್ಲದು. ಆದರೆ ವೃತ್ತಿಯೆನಿಸಲು ಪರವಾನಗಿಯೇ ಬೇಕೆಂದಿಲ್ಲ. ನಾವು ಬಯಸುವುದು ಮೂರನ್ನು: ವಿಶ್ವವಿದ್ಯಾನಿಲಯಗಳಲ್ಲಿ ಕನ್ನಡದಲ್ಲಿಯೇ ಇದರ ಶಿಕ್ಷಣ, ಆಸ್ಪತ್ರೆ, ಕೃಷಿ ಇಲಾಖೆ, ಪತ್ರಿಕಾಲಯಗಳಲ್ಲಿ ಸಂಬಳದ ಹುದ್ದೆ, ತಪ್ಪು ಬಂದಲ್ಲಿ ತಿದ್ದಿ ಪ್ರಕಟಿಸುವ ಹೊಣೆ. ಹೊರಗಿದ್ದು ಬರೆಯುವವರಿಗೆ ಬಾಗಿಲು ತೆರೆದೇ ಇರಲಿ.

ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂದು ಆಸ್ಪತ್ರೆಗಳಲ್ಲಿಯೂ ಇಲಾಖೆಗಳಲ್ಲಿಯೂ ಹೊಣೆಯ ಸ್ಥಾನಗಳಲ್ಲಿದ್ದೀರಿ. ನಿಮ್ಮ ನಿಮ್ಮ ಕಾರ್ಯಾಲಯದಲ್ಲಿ ಅಂತಹ ಒಂದು ಹುದ್ದೆಯನ್ನಾದರೂ ತೆರೆಯಿಸಲು ಪ್ರಯತ್ನಿಸಬೇಕೆಂದು ಬೇಡುತ್ತೇವೆ. ಪೋಷಕರಲ್ಲಿಯೂ ನಮ್ಮ ವಿಜ್ಞಾಪನೆಯಿಷ್ಟೇ: ವಿಜ್ಞಾನವನ್ನೂ ಕನ್ನಡವನ್ನೂ ಸಮನಾಗಿ ಪ್ರೀತಿಸುವ ಮಗಳು ನಿಮ್ಮ ಮನೆಯಲ್ಲಿದ್ದರೆ, ಎರಡರಲ್ಲೊಂದನ್ನು ಬಿಡೆಂದು ಅವಳಿಗೆ ಹೇಳಬೇಡಿರಿ.