ಆದೇಶ ಬಂತು, ಹಣ ಬರಲಿಲ್ಲ

2001ರ ಸೆಪ್ಟೆಂಬರ್‌ವರೆಗೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಡಿ ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ಜೀವನಾಂಶ ಕೊಡಿಸಲು ಬರುತ್ತಿರಲಿಲ್ಲ. ಅಪ್ಪ ಎಂಜಿನಿಯರ್ ಆಗಿರಲಿ, ಗುತ್ತಿಗೆದಾರನಾಗಿರಲಿ, ಮಿತಿ ಅಷ್ಟೇ. ಕೆಲವು ರಾಜ್ಯಗಳು ತಮ್ಮ ಮಟ್ಟಿಗೆ ಮೊತ್ತ ಏರಿಸಿಕೊಂಡದ್ದು ಬಿಟ್ಟರೆ, ದಶಕಗಳ ಬೆಲೆಯೇರಿಕೆ ಈ ಕಲಮಿಗೆ ತಾಗಲೇ ಇಲ್ಲ. ಆ ವರ್ಷ ಸಂಸತ್ತು ಮಿತಿಯನ್ನು ಕಿತ್ತುಹಾಕಿತು. ನೋಟಿಸ್ ಜಾರಿಯಾದ 60 ದಿನದೊಳಗೆ ಮಧ್ಯಂತರ ಜೀವನಾಂಶದ ಅರ್ಜಿಯನ್ನು ಆದಷ್ಟೂ ಇತ್ಯರ್ಥ ಮಾಡಬೇಕು ಎಂದೂ ಸೇರಿಸಿತು. ಅಲ್ಲಿಂದ ಇಲ್ಲಿಗೆ ಸರಿಸುಮಾರು ಕಾಲು ಶತಮಾನ. ವಿಚ್ಛೇದನವಾದ ಮನೆಯ ಮಕ್ಕಳಿಗೆ ಈ ಅವಧಿಯಲ್ಲಿ ಏನು ದಕ್ಕಿತು ಎಂದು ಹಿಂತಿರುಗಿ ನೋಡಿದರೆ ಹಕ್ಕಿನ ಪಟ್ಟಿ ಉದ್ದವಾಗಿದೆ, ಕೈಗೆ ಬಂದ ಹಣ ಮಾತ್ರ ಕಡಿಮೆ.

ಹಕ್ಕಿನ ಮಾತು ಬೇಗ ಮುಗಿಸಬಹುದು. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ 1984ರಲ್ಲೇ ಬಂದಿತ್ತು. ವಿಚ್ಛೇದಿತ ಮುಸ್ಲಿಂ ಮಹಿಳೆಗೂ ಜೀವನಾಂಶ ಕೊಡಬೇಕೆಂದ ಶಾ ಬಾನೊ ತೀರ್ಪಿನ ಗದ್ದಲದ ನಂತರ ಬಂದ 1986ರ ಕಾಯ್ದೆ ಮುಸ್ಲಿಂ ಮಕ್ಕಳ ಪಾಲನೆಯ ವೆಚ್ಚವನ್ನು ಎರಡು ವರ್ಷಕ್ಕೆ ಸೀಮಿತಗೊಳಿಸಿದಂತೆ ಕಂಡಿತ್ತು. ಆ ಮಕ್ಕಳ 125ನೇ ಕಲಮಿನ ಹಕ್ಕು ಹಾಗೇ ಇದೆ ಎಂದು 1997ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. 2024ರ ಜುಲೈ 1ರಿಂದ ಹಳೆಯ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ, 125 ಈಗ 144 ಆಗಿದೆ. ಸಂಖ್ಯೆ ಬದಲಾಯಿತು, ತಿರುಳು ಅದೇ. ತಂದೆತಾಯಿಯ ಮದುವೆ ಉಳಿಯಲಿ, ಮುರಿಯಲಿ, ಆಗದೇ ಇರಲಿ, ಮಗುವನ್ನು ಸಾಕುವ ಹೊಣೆ ತಪ್ಪದು.

2020ರ ನವೆಂಬರ್‌ನ ರಜನೀಶ್-ನೇಹಾ ತೀರ್ಪನ್ನು ಮಾತ್ರ ಹಾಗೆ ದಾಟಿ ಹೋಗಲಾಗದು. ಗಂಡ ಹೆಂಡತಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲದ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ಕಡ್ಡಾಯ ಮಾಡಿತು. ಕೃಷಿಕರಿಗೆ ಬೇರೆಯದೇ ನಮೂನೆ ಕೊಟ್ಟಿತು. ಜೀವನಾಂಶವನ್ನು ಆದೇಶದ ದಿನದಿಂದಲ್ಲ, ಅರ್ಜಿ ಹಾಕಿದ ದಿನದಿಂದ ಲೆಕ್ಕ ಹಿಡಿಯಬೇಕು ಎಂದಿತು. ತಾಯಿ ದುಡಿಯುತ್ತಾಳೆ ಎಂಬುದು ತಂದೆಗೆ ನೆಪವಾಗದು, ಹೆಚ್ಚೆಂದರೆ ಖರ್ಚು ಆದಾಯಕ್ಕೆ ತಕ್ಕಂತೆ ಹಂಚಿಹೋದೀತು.

ಈ ಪ್ರಮಾಣಪತ್ರಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಸಂಸಾರದ ಅರ್ಧ ಕಥೆ ತಿಳಿಯುತ್ತದೆ. ತಾಯಿಯ ಹಾಳೆಯಲ್ಲಿ ಶಾಲೆಯ ಫೀಸು, ವ್ಯಾನು, ಟ್ಯೂಷನ್ನು, ಕೆಮ್ಮಿನ ಔಷಧಿ, ಎಲ್ಲಕ್ಕೂ ರಸೀದಿ. ತಂದೆಯ ಹಾಳೆಯಲ್ಲಿ ‘ಖಾಸಗಿ ಕೆಲಸ, ತಿಂಗಳಿಗೆ ಹದಿನೈದು ಸಾವಿರ’ ಎಂಬ ಒಂದೇ ಸಾಲು. ಜಮೀನಿನ ಅಂಕಣದಲ್ಲಿ ‘ಇಲ್ಲ’, ಏಕೆಂದರೆ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದೆ. ಸುಳ್ಳು ಹೇಳುವ ತಾಯಂದಿರೂ ಇದ್ದಾರೆ, ಸಂಬಳ ಮುಚ್ಚಿಡುವವರೂ ಇದ್ದಾರೆ. ಆದರೆ ಮಗು ಇರುವ ಮನೆಯ ಖರ್ಚನ್ನು ಮುಚ್ಚಿಡಲು ಬರುವುದಿಲ್ಲ. ಕೆಳಗಿನ ನ್ಯಾಯಾಲಯಗಳು ಈ ಪ್ರಮಾಣಪತ್ರದ ನಿಯಮವನ್ನು ಪಾಲಿಸುತ್ತಿಲ್ಲ ಎಂದು 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಮತ್ತೆ ನೆನಪಿಸಬೇಕಾಯಿತು ಎಂದರೆ ಮೂರು ವರ್ಷ ಏನಾಗಿತ್ತೆಂದು ಊಹಿಸಬಹುದು.

ಇನ್ನು ಆ 60 ದಿನ. ಎಣಿಕೆ ಶುರುವಾಗುವುದು ನೋಟಿಸ್ ಜಾರಿಯಾದ ಮೇಲೆ. ನೋಟಿಸು ‘ಮನೆಗೆ ಬೀಗ’, ‘ಊರಲ್ಲಿಲ್ಲ’ ಎಂಬ ಷರಾ ಹೊತ್ತು ವಾಪಸಾಗುತ್ತಲೇ ಇದ್ದರೆ ಮೊದಲ ದಿನವೇ ಹುಟ್ಟುವುದಿಲ್ಲ. ಅದೂ ದಾಟಿ ಆದೇಶವಾಯಿತು ಎನ್ನಿ. ಹಣ ಬರದಿದ್ದರೆ ವಸೂಲಿಗೆ ಮತ್ತೊಂದು ಅರ್ಜಿ. ವಾರಂಟು ಹೊರಟಾಗ ಕಕ್ಷಿದಾರ ವಕೀಲರ ಜೊತೆ ಬಂದು, ಬಾಕಿ ಒಂದು ಲಕ್ಷವಿದ್ದರೆ ಹತ್ತು ಸಾವಿರ ಕಟ್ಟುತ್ತಾನೆ, ಉಳಿದದ್ದಕ್ಕೆ ವಾಯಿದೆ ಪಡೆಯುತ್ತಾನೆ. ಅಂದು ಕೂಲಿ ಬಿಟ್ಟು, ಬಸ್ಸು ಹಿಡಿದು ಬಂದವಳು ತಾಯಿ. ಬಾಕಿಯಿರುವ ಒಂದೊಂದು ತಿಂಗಳಿಗೂ ಒಂದು ತಿಂಗಳವರೆಗೆ ಜೈಲಿಗೆ ಕಳಿಸುವ ಅಧಿಕಾರ ನ್ಯಾಯಾಧೀಶರಿಗಿದೆ. ಜೈಲಿಗೆ ಹೋಗಿ ಬಂದರೂ ಬಾಕಿ ಅಳಿಯದು ಎಂದು 1988ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ವಿದ್ಯುತ್ ಬಿಲ್ಲು ಬಾಕಿ ಉಳಿದರೆ ಮನೆಗೇ ಬಂದು ಫ್ಯೂಸ್ ಕಿತ್ತುಕೊಂಡು ಹೋಗುವ ವ್ಯವಸ್ಥೆ ನಮ್ಮದು. ಮಗುವಿನ ಬಾಕಿಯ ಬೆನ್ನು ಹತ್ತುವ ಕೆಲಸವನ್ನು ಮಾತ್ರ ಅದು ತಾಯಿಗೇ ಬಿಟ್ಟಿದೆ. ಕಾಲು ಶತಮಾನದ ದೊಡ್ಡ ಸೋಲು ಇದು.

ಅಮೆರಿಕದಲ್ಲಿ ಈ ಹಣವನ್ನು ಸಾಮಾನ್ಯವಾಗಿ ಉದ್ಯೋಗದಾತರೇ ಸಂಬಳದಿಂದ ಮುರಿದು ಕಟ್ಟುತ್ತಾರೆ. ಬಾಕಿ 2,500 ಡಾಲರ್ ದಾಟಿದರೆ ಪಾಸ್‌ಪೋರ್ಟ್ ಕೂಡ ಸಿಗದು. ಆದರೆ ಅಲ್ಲಿ ನೆಲೆಸಿದ ಬೆಂಗಳೂರಿನ ಟೆಕ್ಕಿಯಿಂದ ಇಲ್ಲಿಯ ಆದೇಶದ ಹಣ ವಸೂಲು ಮಾಡುವುದು ಸುಲಭವಲ್ಲ. ಮಕ್ಕಳ ಜೀವನಾಂಶದ ವಸೂಲಿಗಾಗಿ ದೇಶಗಳು 2007ರಲ್ಲಿ ಹೇಗ್‌ನಲ್ಲಿ ಮಾಡಿಕೊಂಡ ಒಪ್ಪಂದಕ್ಕೆ ಭಾರತ ಸೇರಿಲ್ಲ.

ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಬೇರೊಂದು ಅಪಾಯವಿದೆ. ಜಗಳ ಸಾಕಾಗಿರುತ್ತದೆ, ಒಮ್ಮೆ ಮುಗಿದರೆ ಸಾಕು ಎನ್ನುವ ಆಯಾಸ. ರಾಜಿಪತ್ರದಲ್ಲಿ ‘ಮುಂದೆ ತನಗಾಗಲೀ ಮಗುವಿಗಾಗಲೀ ಯಾವ ಹಕ್ಕೂ ಇಲ್ಲ’ ಎಂಬ ಸಾಲಿಗೂ ತಾಯಿ ಸಹಿ ಹಾಕಿಬಿಡುತ್ತಾಳೆ. ತನ್ನ ಹಕ್ಕನ್ನು ಅವಳು ಬಿಟ್ಟುಕೊಡಬಹುದು, ಮಗುವಿನದನ್ನು ಬಿಡಲು ಅವಳಿಗೆ ಅಧಿಕಾರವಿಲ್ಲ ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಆ ಸಾಲನ್ನು ತೋರಿಸಿ ಯಾರಾದರೂ ಹೆದರಿಸಿದರೆ ಹೆದರಬೇಕಿಲ್ಲ. ಅದಕ್ಕಿಂತ, ಮಗುವಿನ ಓದಿನ ಖರ್ಚು ವರ್ಷವರ್ಷ ಎಷ್ಟು ಏರಬೇಕೆಂದು ರಾಜಿಪತ್ರದಲ್ಲೇ ಬರೆಸಿಕೊಳ್ಳುವುದು ಜಾಣತನ. ಇಲ್ಲವಾದರೆ ಯುಕೆಜಿಯಲ್ಲಿ ಗೊತ್ತಾದ ಮೊತ್ತವೇ ಎಸ್ಸೆಸ್ಸೆಲ್ಸಿಗೂ ಗತಿಯಾಗುತ್ತದೆ. ಪರಿಸ್ಥಿತಿ ಬದಲಾದರೆ ಹೆಚ್ಚಳ ಕೇಳಲು ಅವಕಾಶವೇನೋ ಇದೆ, ಅದಕ್ಕೂ ಮತ್ತೊಂದು ಅರ್ಜಿ, ಮತ್ತಷ್ಟು ವಾಯಿದೆ.

ಹದಿನೆಂಟರ ಗೆರೆಯೂ ಕಾಡುತ್ತದೆ. ಪಿಯುಸಿ ಮುಗಿದು ಕಾಲೇಜಿನ ದೊಡ್ಡ ಫೀಸು ಶುರುವಾಗುವ ಹೊತ್ತಿಗೇ 144ನೇ ಕಲಮಿನ ಜೀವನಾಂಶ ಸಾಮಾನ್ಯವಾಗಿ ನಿಲ್ಲುತ್ತದೆ. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಮಿನಂತೆ, ತನ್ನನ್ನು ತಾನು ಪೋಷಿಸಿಕೊಳ್ಳಲಾಗದ ಅವಿವಾಹಿತ ಮಗಳು ವಯಸ್ಸಿಗೆ ಬಂದ ಮೇಲೂ ಕೇಳಬಹುದು. ಮಗನಿಗೆ ಆ ಬಾಗಿಲಿಲ್ಲ. ಪದವಿ ಮುಗಿಯುವವರೆಗೆ ಇಬ್ಬರಿಗೂ ಎಂದು ಬರೆಯಲು ಸಂಸತ್ತಿಗೆ ಒಂದು ಸಾಲು ಸಾಕು.

ಕಾನೂನು ನೆರವಿನ ಬಗ್ಗೆ ಮಾತ್ರ ನಮ್ಮ ಜನಕ್ಕೇ ಅರ್ಧ ತಿಳಿದಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಹೆಣ್ಣುಮಕ್ಕಳಿಗೂ ಮಕ್ಕಳಿಗೂ ಉಚಿತ ವಕೀಲರು ಸಿಗುತ್ತಾರೆ, ಆದಾಯದ ಮಿತಿಯೇ ಇಲ್ಲ. ‘ಫ್ರೀ ವಕೀಲ’ ಎಂದರೆ ಮೂಗು ಮುರಿಯುವವರಿದ್ದಾರೆ. ವಕೀಲರು ಸರಿಯಾಗಿ ನಡೆಸದಿದ್ದರೆ ಬದಲಿಸಿಕೊಡಿ ಎಂದು ಅದೇ ಕಚೇರಿಗೆ ಬರೆದುಕೊಡಬಹುದು. ಬೆಂಗಳೂರಿನಲ್ಲಿ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ, ಊರುಗಳಲ್ಲಿ ತಾಲ್ಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿ, ಎಲ್ಲೂ ಆಗದಿದ್ದರೆ ಸಹಾಯವಾಣಿ 15100. ಗಂಡನ ಊರಿಗೇ ಹೋಗಿ ಅರ್ಜಿ ಹಾಕಬೇಕೆಂದಿಲ್ಲ, ತಾವು ವಾಸವಿರುವ ಊರಲ್ಲೇ ಹಾಕಬಹುದು. ಬಾಕಿ ಬಿದ್ದ ಹಣಕ್ಕೆ ವಾರಂಟು ಕೇಳಲು ಒಂದೇ ವರ್ಷದ ಗಡುವು. ‘ಕೊಟ್ಟಾನು ಬಿಡಿ’ ಎಂದು ಕಾಯುತ್ತಿರುವವರು ದಯವಿಟ್ಟು ಇಂದೇ ತಾರೀಖು ನೋಡಿಕೊಳ್ಳಿ, ಹನ್ನೊಂದನೇ ತಿಂಗಳು ದಾಟುವ ಮೊದಲೇ ಅರ್ಜಿ ಹಾಕಿ.