ಪೈಥಾನಿಗೆ ಕನ್ನಡದ ಕಾಗುಣಿತ

ಪೈಥಾನ್ ಎಂದೊಡನೆ ಹೆಬ್ಬಾವು ಕಣ್ಣಮುಂದೆ ಬರುವುದು ಸಹಜ. ಆದರೆ ಗೀಡೋ ವಾನ್ ರಾಸಮ್ ಎಂಬ ಡಚ್ ತಜ್ಞರು 1991ರಲ್ಲಿ ಲೋಕಕ್ಕೆ ನೀಡಿದ ಈ ಗಣಕಭಾಷೆಗೆ ಹೆಸರು ಬಂದುದು ಮಾಂಟಿ ಪೈಥಾನ್ ಎಂಬ ಬ್ರಿಟಿಷ್ ಹಾಸ್ಯಮಂಡಲಿಯಿಂದ. ಇಂದು ನಮ್ಮ ಮನೆಗಳ ಎಷ್ಟೋ ಹುಡುಗ ಹುಡುಗಿಯರು ಇದನ್ನು ಅಭ್ಯಾಸಮಾಡುತ್ತಿದ್ದಾರೆ. ಅವರು ಇದರಲ್ಲಿ ಕನ್ನಡ ಬರೆಹವನ್ನು ಅಳವಡಿಸಹೊರಟಾಗ ಒದಗುವ ನಾಲ್ಕು ಸುಲಭೋಪಾಯಗಳನ್ನು ಈ ವಾರ ನೋಡೋಣ.

ಎಣಿಕೆ: ‘ಮೈಸೂರು’ ಎಂಬಲ್ಲಿ ಅಕ್ಷರಗಳೆಷ್ಟು? ಛಂದಸ್ಸನ್ನು ಓದಿದವರು ಮೂರು ಎನ್ನುವರು. ಪೈಥಾನಿನ ‘ಲೆನ್’ ಆಜ್ಞೆ ಆರು ಎನ್ನುತ್ತದೆ. ಅದರ ಲೆಕ್ಕವೂ ಸುಳ್ಳಲ್ಲ. ಯೂನಿಕೋಡ್ ವ್ಯವಸ್ಥೆಯಲ್ಲಿ ಮ, ಸ, ರಗಳಿಗೆ ಒಂದೊಂದು ಸಂಕೇತ; ಅವುಗಳ ಐತ್ವ, ಕೊಂಬುಗಳಿಗೆ ಬೇರೆ ಒಂದೊಂದು. ಮೊದಲ ಮೂರನ್ನು ಕತ್ತರಿಸಿ ಕೊಡೆಂದರೆ ‘ಮೈಸ’ ಎಂದಷ್ಟೇ ಬರುತ್ತದೆ. ಆದುದರಿಂದ ಕತ್ತರಿಸುವ ಮುನ್ನ, ಮುಂದಿನ ಸಂಕೇತವು ಕಾಗುಣಿತದ ಚಿಹ್ನೆಯೋ ಎಂದು ನೋಡುವುದು ಲೇಸು.

ಹೆಸರಿನ ಪರೀಕ್ಷೆ: ಕೊಟ್ಟ ಪದದಲ್ಲಿರುವುದೆಲ್ಲ ಅಕ್ಷರವೇ ಎಂದು ತಿಳಿಯಲು ‘ಈಸ್‌ಆಲ್ಫಾ’ ಎಂಬ ಆಜ್ಞೆಯುಂಟು. ‘ಕಮಲ’ ಎಂದರೆ ಅದು ಹೌದೆನ್ನುತ್ತದೆ. ‘ಸೀತಾ’ ಎಂದರೆ ಅಲ್ಲವೆನ್ನುತ್ತದೆ! ಗುಡಿಸು, ಇಳಿ, ಒತ್ತುಗಳು ಅದರ ಕಣ್ಣಿಗೆ ಅಕ್ಷರಗಳಲ್ಲ. ಇದನ್ನೇ ನಂಬಿ ಅರ್ಜಿನಮೂನೆ ಸಿದ್ಧಪಡಿಸಿದರೆ ಕಮಲೆಗೆ ಪ್ರವೇಶ ದೊರೆತು ಸೀತೆ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ‘ಯೂನಿಕೋಡ್‌ಡೇಟಾ’ ಎಂಬ ಸಿದ್ಧ ಭಂಡಾರದಲ್ಲಿರುವ ‘ಕೆಟಗರಿ’ ಆಜ್ಞೆಯಿಂದ ಪ್ರತಿಯೊಂದು ಸಂಕೇತದ ವರ್ಗವನ್ನು ಕೇಳಿರಿ. ಉತ್ತರವು ‘ಎಲ್’ ಅಥವಾ ‘ಎಂ’ ಎಂಬುದರಿಂದ ಮೊದಲಾದರೆ ಒಪ್ಪಿಕೊಳ್ಳಿರಿ. ಹೆಸರಿನ ನಡುವಣ ತೆರಪು, ಚುಕ್ಕೆಗಳಿಗೂ ಅನುಮತಿಯಿರಲಿ.

ಅವಳಿ ರೂಪಗಳು: ‘ಕೋಟೆ’ಯ ಓಕಾರವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಮೂರು ಬಿಡಿ ಸಂಕೇತಗಳನ್ನು ಕೂಡಿಸಿಯೂ ಬರೆಯಬಹುದು. ನಮಗೆ ಎರಡೂ ಒಂದೇ. ಪೈಥಾನಿಗೆ ಬೇರೆ ಬೇರೆ. ವಾಚನಾಲಯದ ಪಟ್ಟಿಯಲ್ಲಿ ಹುಡುಕಿದಾಗ ಇರುವ ಪುಸ್ತಕವೇ ಇಲ್ಲವೆಂದು ಉತ್ತರ ಬಂದರೆ ಕಾರಣ ಇದೂ ಆಗಿರಬಹುದು. ಅದೇ ಭಂಡಾರದ ‘ನಾರ್ಮಲೈಸ್’ ಆಜ್ಞೆಯನ್ನು ‘ಎನ್‌ಎಫ್‌ಸಿ’ ಎಂಬ ಸೂಚನೆಯೊಡನೆ ಎರಡಕ್ಕೂ ಅನ್ವಯಿಸಿ, ಆಮೇಲೆ ಹೋಲಿಸಿದರೆ ಭೇದ ಅಳಿಯುತ್ತದೆ.

ಅಂಕಿಗಳು: ಇಲ್ಲಿ ಮಾತ್ರ ಪೈಥಾನ್ ಉದಾರಿ. ‘೧೨೫’ ಎಂಬ ಬರೆಹವನ್ನು ‘ಇಂಟ್’ ಆಜ್ಞೆಗೆ ಒಪ್ಪಿಸಿದರೆ 125 ಎಂದು ತಾನಾಗಿ ಓದಿಕೊಂಡು ಕೂಡುವುದಕ್ಕೂ ಕಳೆಯುವುದಕ್ಕೂ ಸಿದ್ಧವಾಗುತ್ತದೆ. 2008ರಲ್ಲಿ ಹೊರಬಂದ ಮೂರನೆಯ ಆವೃತ್ತಿಯಿಂದ ಈಚೆಗೆ ‘ಬೆಲೆ’, ‘ಮೊತ್ತ’ ಎಂಬ ಕನ್ನಡ ಹೆಸರುಗಳನ್ನೇ ಲೆಕ್ಕದ ಪದಗಳಿಗೆ ಇಡಬಹುದು.

ಯಂತ್ರಕ್ಕೆ ಕಾಗುಣಿತ ತಾನಾಗಿ ಬಾರದು. ಕಲಿಸುವ ಹೊಣೆ ಅದನ್ನು ಬಲ್ಲವರದು. ಆದುದರಿಂದ ನಿಮ್ಮ ಮಕ್ಕಳು ತಾವು ರಚಿಸಿದ ಪ್ರೋಗ್ರಾಮನ್ನು ಪರೀಕ್ಷಿಸುವಾಗ ಕಮಲೆಯೊಬ್ಬಳನ್ನೇ ಕರೆಯದೆ, ಕೃಷ್ಣಮೂರ್ತಿಯನ್ನೂ ಒಮ್ಮೆ ಒಳಗೆ ಬಿಟ್ಟು ನೋಡಲಿ.